ಕುಡಿತ ಬಿಡುವವರಿಗೆ ಜೊತೆ ಎಲ್ಲಿದೆ?



ಅಪ್ಪನೋ ಅಣ್ಣನೋ ಸಂಜೆ ಮನೆಗೆ ಬರುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು, ಅವರ ನಡಿಗೆಯ ಸದ್ದನ್ನೇ ಆಲಿಸುವ ಮಕ್ಕಳು ನಿಮ್ಮ ತರಗತಿಯಲ್ಲಿಯೂ ಇರಬಹುದು. ಸಂಡೂರಿನ ಗಣಿಯಲ್ಲಿ ದುಡಿಯುವವರ ಮನೆಯಾಗಲಿ, ಕಂಪ್ಲಿಯ ಗದ್ದೆಯವರ ಮನೆಯಾಗಲಿ, ಹೊಸಪೇಟೆಯ ನೌಕರರ ಮನೆಯಾಗಲಿ, ಕುಡಿತದ ಸಂಕಟ ಒಂದೇ. ಮರ್ಯಾದೆಗೆ ಅಂಜಿ ಆ ಮಕ್ಕಳು ಇದನ್ನು ಯಾರಿಗೂ ಹೇಳುವುದಿಲ್ಲ. ಇಂದಿನ ಮಾತು ಅವರಿಗಾಗಿ, ಅವರ ಗೆಳೆಯರಿಗಾಗಿ.

ಕುಡಿಯುವವರು ದೇವರ ಮುಂದೆ ಆಣೆ ಮಾಡುತ್ತಾರೆ, ಮಕ್ಕಳ ತಲೆ ಮುಟ್ಟಿ ಮಾತು ಕೊಡುತ್ತಾರೆ. ಎರಡೇ ದಿನದಲ್ಲಿ ಆ ಮಾತು ಮುರಿಯುತ್ತದೆ. ಆಣೆ ಮಾಡುವಾಗ ಅವರು ಸುಳ್ಳು ಹೇಳಿರುವುದಿಲ್ಲ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ದೇಹ, ಅದು ಸಿಗದಿದ್ದಾಗ ಪ್ರತಿಭಟಿಸುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬಾರದು. ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಗಾಬರಿ ಕಾಣಿಸಿ ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಬೇಡ. ಮೊದಲ ಹೆಜ್ಜೆ ವೈದ್ಯರ ಬಳಿಗೆ.

ಈ ವಿಷಯದಲ್ಲಿ ನಿಮ್ಮ ಸೀಮೆಗೆ ಒಂದು ಹಿರಿಮೆ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕಾಗಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಅಲ್ಲಿಯೇ ಚಿಕಿತ್ಸೆ ಸಾಧ್ಯ ಎಂದು ಅದು ತೋರಿಸಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಂತೆ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡೂ ಇದೆ. ಹೊರಡುವ ಮುನ್ನ ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಳ್ಳಿ.

ಔಷಧದಿಂದ ದೇಹ ತಹಬಂದಿಗೆ ಬಂದೀತು. ಆದರೆ ಮನೆಗೆ ಮರಳಿದ ಮೇಲೆ ಅದೇ ದಾರಿ, ಅದೇ ಅಂಗಡಿ, ಅದೇ ಗೆಳೆಯರು. ಆಗ ಬೇಕಾಗುವುದು ಜೊತೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿಗೆ ಮತ್ತೆ ಕುಡಿಯಬೇಕೆಂಬ ಆಸೆ ಕೆರಳಿತು. ಆತ ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ್ದ ಇನ್ನೊಬ್ಬನನ್ನು ಹುಡುಕಿ ಮಾತನಾಡಿದ. ಆ ಇನ್ನೊಬ್ಬರೇ ಡಾ. ಬಾಬ್ ಸ್ಮಿತ್, ಶಸ್ತ್ರವೈದ್ಯರು. ಇಬ್ಬರ ಮಾತುಕತೆಯಿಂದ ಹುಟ್ಟಿದ್ದು 'ಆಲ್ಕೊಹಾಲಿಕ್ಸ್ ಅನಾನಿಮಸ್', ಅಂದರೆ ಎ.ಎ. ಇದರ ಸಭೆಗೆ ಶುಲ್ಕವಿಲ್ಲ. ಪೂರ್ಣ ಹೆಸರು, ಜಾತಿ, ಉದ್ಯೋಗ ಯಾವುದನ್ನೂ ಕೇಳುವುದಿಲ್ಲ. ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇವತ್ತೊಂದು ದಿನ ಕುಡಿಯದೆ ಇರುವುದೇ ಅವರ ಗುರಿ.

ನಮ್ಮ ನಾಡಿನಲ್ಲಿಯೇ ಬೆಳೆದ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತವೆ. ಶಿಬಿರ ಮುಗಿಸಿದವರು 'ನವಜೀವನ ಸಮಿತಿ'ಯಾಗಿ ಆಗಾಗ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಹಾಗಾದರೆ ಸಭೆಯನ್ನು ಹುಡುಕುವುದು ಹೇಗೆ? ಮನೆಯಲ್ಲಿ ಓದುಬರಹ ಬಲ್ಲವರು ನೀವು. ಈ ಕೆಲಸ ನಿಮ್ಮಿಂದ ಆದೀತು. 14446 ವ್ಯಸನಮುಕ್ತಿಗಾಗಿ ಇರುವ ಉಚಿತ ರಾಷ್ಟ್ರೀಯ ಸಹಾಯವಾಣಿ. 14416 ಟೆಲಿ-ಮಾನಸ್, 2022ರಲ್ಲಿ ಆರಂಭವಾದ ಇದರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ, ನಿಮ್ಮೂರಿನ ಧರ್ಮಸ್ಥಳ ಸಂಘದವರನ್ನೂ ವಿಚಾರಿಸಿ. ಮೂರು ಪ್ರಶ್ನೆ ಕೇಳಿ: ಹತ್ತಿರದ ಸಭೆ ಎಲ್ಲಿ? ಯಾವ ವಾರ, ಎಷ್ಟು ಗಂಟೆಗೆ? ಮನೆಯವರೂ ಬರಬಹುದೇ? ಸ್ಥಳ, ವೇಳೆ ಬದಲಾಗುವುದುಂಟು. ಹೋಗುವ ಮುನ್ನ ಇನ್ನೊಮ್ಮೆ ಕೇಳಿ. ನಿಮ್ಮೂರಿನಲ್ಲಿ ಸಭೆ ಇಲ್ಲದಿದ್ದರೆ ಪಕ್ಕದ ಊರಾದರೂ ಸರಿ. ಗುರುತಿನವರು ಕಾಣದ ಊರೇ ಕೆಲವರಿಗೆ ಹಿತ. ಸಂಡೂರು, ಕಂಪ್ಲಿ ಎರಡೂ ಹೊಸಪೇಟೆಯಿಂದ ಸುಮಾರು 30 ಕಿ.ಮೀ. ಅಷ್ಟೆ, ಹಂಪಿ ಇನ್ನೂ ಹತ್ತಿರ.

ತಿಳಿದ ವಿಷಯವನ್ನು ಅಪ್ಪನಿಗೆ ಬೆಳಿಗ್ಗೆ ಹೇಳಿ, ಅವರು ಕುಡಿದಿರದ ಹೊತ್ತಿನಲ್ಲಿ. "ನೀವು ಹೀಗೇಕೆ?" ಎನ್ನುವುದಕ್ಕಿಂತ "ನಾನೂ ಜೊತೆಗೆ ಬರುತ್ತೇನೆ, ಹೋಗೋಣ ಅಪ್ಪಾ" ಎನ್ನುವುದು ಮೇಲು. ಅವರು ಬೈಯಬಹುದು, ಒಪ್ಪದಿರಬಹುದು. ಹೋದವರೂ ಮತ್ತೆ ಜಾರಬಹುದು. ಜಾರಿದವರಿಗೂ ಸಭೆಯ ಬಾಗಿಲು ತೆರೆದಿರುತ್ತದೆ.

ಇನ್ನೊಂದು ಮಾತು ನಿಮಗಾಗಿ. ಅಪ್ಪನ ಕುಡಿತಕ್ಕೆ ನೀವು ಕಾರಣರಲ್ಲ. ಅದನ್ನು ನಿಲ್ಲಿಸುವ ಹೊಣೆಯೂ ನಿಮ್ಮದಲ್ಲ. ಕುಡಿಯುವವರ ಮನೆಯವರಿಗೂ ಜೊತೆ ಬೇಕೆಂದೇ 1951ರಲ್ಲಿ 'ಅಲ್-ಅನಾನ್' ಬಳಗ ಹುಟ್ಟಿತು. 1957ರಲ್ಲಿ ಹದಿಹರೆಯದವರಿಗಾಗಿ 'ಅಲಟೀನ್' ಬಂತು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ವಾದಕ್ಕೆ ನಿಲ್ಲಬೇಡಿ. ತಮ್ಮ ತಂಗಿಯರನ್ನು ಕರೆದುಕೊಂಡು ನೆರೆಮನೆಗೆ ಹೋಗಿ, 1098ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ನಂಬಿಕೆಯ ಒಬ್ಬ ಮೇಷ್ಟ್ರಿಗೋ ಟೀಚರಿಗೋ ವಿಷಯ ತಿಳಿಸಿ. ಈ ಸಂಖ್ಯೆಗಳನ್ನು ಇಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದ ಬೆಂಚಿನ ಗೆಳೆಯನಿಗೆ ಬೇಕಾದೀತು.