ಮಗಳ ಸೀಟು ಮತ್ತು ನಮ್ಮ ಕಾಗದಪತ್ರ

(ಮನ್ನಾಏಖೇಳ್ಳಿಯಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಉಳಿತಾಯ, ಬಡ್ಡಿಯ ಮಾತು ಪ್ರತಿ ವಾರ ಇದ್ದದ್ದೇ. ಇವತ್ತು ಪಿಯುಸಿ ಮುಗಿಸುವ ನಮ್ಮ ಹೆಣ್ಣುಮಕ್ಕಳ ವಿಷಯ ಮಾತಾಡೋಣ. "ಸಿಸ್ಟರ್, ಪ್ರೈವೇಟ್ ಯುನಿವರ್ಸಿಟಿ ಅಂದ್ರ ರೊಕ್ಕ ಇದ್ದವರದು, ನಮಗ್ಯಾಕ ಅದು?" ಎಂದು ನಿಮ್ಮಲ್ಲಿ ಬಹಳ ಮಂದಿ ಕೇಳುತ್ತೀರಿ. ಈ ಮಾತು ಅರ್ಧ ನಿಜ. ಆ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ.

2025ರ ಆಗಸ್ಟ್‌ನಲ್ಲಿ ಸಂಸತ್ತಿನ ಶಿಕ್ಷಣ ಸಮಿತಿ ಒಂದು ವರದಿ ಕೊಟ್ಟಿತು. ಬಿಟ್ಸ್ ಪಿಲಾನಿ ಎಂಬ ಹೆಸರಾಂತ ಖಾಸಗಿ ಸಂಸ್ಥೆಯ ಲೆಕ್ಕ ಅದರಲ್ಲಿದೆ. ಅಲ್ಲಿ 5,137 ವಿದ್ಯಾರ್ಥಿಗಳಲ್ಲಿ ಪರಿಶಿಷ್ಟ ಜಾತಿಯವರು 29, ಪರಿಶಿಷ್ಟ ಪಂಗಡದವರು ಬರೀ 4. ನಮ್ಮ ಇಪ್ಪತ್ತು ಜನರ ಸಂಘಗಳು ಹತ್ತು ಸೇರಿದರೆ ಇನ್ನೂರು ಜನ ಆಗುತ್ತಾರಲ್ಲ, ಅಷ್ಟರಲ್ಲಿ ದಲಿತರ ಮನೆಯವಳು ಒಬ್ಬಳೇ ಕೂತಂತೆ! ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ಇಡಬಹುದೆಂದು ಸಂವಿಧಾನದ 15(5)ನೇ ವಿಧಿ ಹೇಳುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಆದರೆ ಕಡ್ಡಾಯ ಮಾಡುವ ಕಾಯ್ದೆಯನ್ನು ಸಂಸತ್ತು ಮಾಡಿರಲಿಲ್ಲ. ಮಾಡಬೇಕು ಅಂತ ಸಮಿತಿ ಹೇಳಿತು.

ಇನ್ನರ್ಧ ನಮ್ಮ ರಾಜ್ಯದ್ದು. ಇಲ್ಲಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್‌ನಂಥ ಕೋರ್ಸುಗಳ ಸುಮಾರು ಶೇ. 40 ಸೀಟು ಸರ್ಕಾರಿ ಕೋಟಾದವು. ಸಿಇಟಿ ರ‍್ಯಾಂಕ್ ನೋಡಿ ಪರೀಕ್ಷಾ ಪ್ರಾಧಿಕಾರವೇ ಅವನ್ನು ಹಂಚುತ್ತದೆ, ಫೀಸೂ ಕಡಿಮೆ. ಜಾತಿ ಮೀಸಲಾತಿಯ ಜೊತೆಗೆ ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ಒಂದರಿಂದ ಹತ್ತನೆಯವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ನಡುವೆ ಎರಡು ವರ್ಷ ಪಟ್ಟಣದ ಶಾಲೆಗೆ ಹಾಕಿದ್ದರೆ ಗ್ರಾಮೀಣ ಹಕ್ಕು ಹೋಯಿತು. ಇಂಗ್ಲಿಷ್ ಕಾನ್ವೆಂಟಿನ ಆಸೆಯಿಂದ ಹಾಕಿರುತ್ತೇವೆ, ಯಾರೂ ಇದನ್ನು ಮೊದಲೇ ಹೇಳಿರುವುದಿಲ್ಲ.

ಇದರ ಮೇಲೆ ನಮಗೆ 371(ಜೆ) ಇದೆ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಈ ತಿದ್ದುಪಡಿಯಿಂದ, ಈಗ ಕಲ್ಯಾಣ ಕರ್ನಾಟಕ ಎನ್ನುವ ನಮ್ಮ ಭಾಗದ ಸೀಟುಗಳಲ್ಲಿ ಶೇ. 70 ಇಲ್ಲಿಯ ಮಕ್ಕಳಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಬೆಂಗಳೂರಿನ ಹುಡುಗಿಗೆ ಇಲ್ಲದ ಹಕ್ಕು ಮನ್ನಾಏಖೇಳ್ಳಿಯ ಹುಡುಗಿಗೆ ಇದೆ ತಾಯಂದಿರೇ! ಆದರೆ ಸಹಾಯಕ ಆಯುಕ್ತರು ಕೊಡುವ ಪ್ರಮಾಣಪತ್ರ ಕೈಯಲ್ಲಿರಬೇಕು. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಜಾತಿ, ಆದಾಯ, ಗ್ರಾಮೀಣ, 371(ಜೆ) ಎಲ್ಲವನ್ನೂ ಕೇಳಿಕೊಳ್ಳಬೇಕು. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ತಂದೆಯ ಹೆಸರಿನಲ್ಲಿ 'ಪ್ಪ' ಬಿಟ್ಟದ್ದಕ್ಕೆ ಅಲೆದ ಮನೆಗಳು ನಮ್ಮ ಸಂಘಗಳಲ್ಲೇ ಇವೆ.

ಏಜೆಂಟರ ಮಾತು ಹೇಳದೆ ಮುಂದೆ ಹೋಗಲಾರೆ. "ಸಿಇಟಿ ಗಿಇಟಿ ಬ್ಯಾಡ್ರೀ, ಐವತ್ತು ಸಾವಿರ ಕೊಡ್ರಿ, ಸೀಟು ಕೊಡಸ್ತೀನಿ, ಸ್ಕಾಲರ್‌ಶಿಪ್ ಬರ್ತದ" ಅಂತ ಮನೆ ಬಾಗಿಲಿಗೇ ಬರುತ್ತಾರೆ. ಅವರು ಕೊಡಿಸುವುದು ಮ್ಯಾನೇಜ್‌ಮೆಂಟ್ ಸೀಟು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಅನ್ವಯಿಸುವುದಿಲ್ಲ. ಮೊದಲ ವರ್ಷ ಸಂಘದ ಸಾಲ ತಂದು ಕಟ್ಟುತ್ತೀರಿ, ಎರಡನೆಯ ವರ್ಷಕ್ಕೆ ತಾಳಿ ಅಡವು, ಮೂರನೆಯ ವರ್ಷ ಹುಡುಗಿ ಮನೆಗೆ. ಯಾವ ಕೋಟಾ ಎಂದು ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದೂರ ಕಳಿಸಲು ಭಯವೇ? ಕಲಬುರಗಿಯಲ್ಲೇ ಎರಡು ಖಾಸಗಿ ವಿಶ್ವವಿದ್ಯಾಲಯಗಳಿವೆ. ಶರಣಬಸವ ವಿಶ್ವವಿದ್ಯಾಲಯ 2017ರಲ್ಲಿ ಶುರುವಾಯಿತು, ಅಲ್ಲಿ ಹೆಣ್ಣುಮಕ್ಕಳಿಗೇ ಬೇರೆ ಇಂಜಿನಿಯರಿಂಗ್ ವಿಭಾಗವಿದೆ. ಇನ್ನೊಂದು ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆ, ಸಂದರ್ಶನ ದಾಟಬೇಕು ನಿಜ. ಆದರೆ ಮನೆಯ ಆದಾಯ ನೋಡಿ ಫೀಸು ಕಡಿಮೆ ಮಾಡುತ್ತಾರೆ, ತೀರಾ ಬಡವರಿಗೆ ಪೂರ್ತಿ ಬಿಡುತ್ತಾರೆ. ಬಡವರ ಮಕ್ಕಳು ತಾವಾಗಿಯೇ ಬರುವುದಿಲ್ಲ, ಕರೆದು ತರಬೇಕು ಎಂದು ತಿಳಿದ ವ್ಯವಸ್ಥೆ ಅದು. ಎಲ್ಲರೂ ಹೀಗೆ ಮಾಡಿದ್ದರೆ ಮೇಲಿನ ಲೆಕ್ಕ ಹಾಗಿರುತ್ತಿರಲಿಲ್ಲ.

ಅದೇ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಮುಗಿಸಿ ಪದವಿಯ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ, ಕೋರ್ಸು ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ಹಣ ಹುಡುಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಮಗಳ ಹೆಸರಿಗೆ ಖಾತೆ ಇರಲಿ.

ಒಂದು ಮಾತು ಖಾರವಾಗಿದ್ದರೂ ಹೇಳುತ್ತೇನೆ. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಮದುವೆಗೆ ಎಂದು ಕೇಳಿದರೆ ಅವತ್ತೇ ಠರಾವು ಆಗುತ್ತದೆ. ಮಗಳ ಅಡ್ಮಿಷನ್‌ಗೆ ಎಂದರೆ "ಓದಿ ಏನ್ ಮಾಡ್ತಾಳ, ತೀರಸೋದು ಯಾರು?" ಎಂಬ ಪ್ರಶ್ನೆ ಬರುತ್ತದೆ. ಮದುವೆ ಸಾಲ ಯಾರು ತೀರಿಸುತ್ತಾರೆಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಮುಂದಿನ ಸಭೆಗೆ ಪಿಯುಸಿ ಓದುವ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ. ಜಾತಿ, ಆದಾಯದ ಪತ್ರ, ಆಧಾರ್, ಹತ್ತನೆಯ ಮಾರ್ಕ್ಸ್ ಕಾರ್ಡ್, ಮಗಳ ಪಾಸ್‌ಬುಕ್ ಒಂದು ಚೀಲದಲ್ಲಿ ಹಾಕಿ ತನ್ನಿ. ಹೆಸರುಗಳು ತಾಳೆಯಾಗುತ್ತವೆಯೇ ಎಂದು ಕೂತು ನೋಡೋಣ. 371(ಜೆ) ಪತ್ರ ಇಲ್ಲದವರು ಇವತ್ತೇ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ ಹೋಗಿ. ಈಗ ಪ್ರಶ್ನೆ ಕೇಳ್ರಿ, ಹಿಂದೆ ಕೂತವರೂ ಕೇಳ್ರಿ.