ವೈದ್ಯರು ಬರುವ ಮುನ್ನ

(ಲಕ್ಷ್ಮೀ ನಗರದ ಕನ್ನಡ ಕುಟುಂಬಗಳ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯ ಹಿರಿಮೆಯನ್ನು ಕುರಿತು ಮಾತನಾಡಬಲ್ಲವರು ಅನೇಕರಿದ್ದಾರೆ. ನಾನೊಬ್ಬ ವೈದ್ಯ. ಸಂತೋಷದ ಈ ದಿನ ಕಾಯಿಲೆಯ ಮಾತೆತ್ತಿದನೆಂದು ತಾವು ಮುನಿಯಬಾರದು. ಈ ಮಾತಿಗೂ ನವೆಂಬರ್ ಒಂದಕ್ಕೂ ನಂಟಿದೆ. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ವೆಂಬ 108ರ ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದೇ. ಊರಿನ ಕಡೆ ಇಂದು ಮಕ್ಕಳಿಗೂ ಆ ಸಂಖ್ಯೆ ಬಾಯಿಪಾಠ. ಆದರೆ ದೆಹಲಿಯಲ್ಲಿ ಯಾವ ಸಂಖ್ಯೆಗೆ ಕರೆಯಬೇಕೆಂದು ಈ ಸಭೆಯಲ್ಲಿ ಕೇಳಿದರೆ ಎಷ್ಟು ಕೈಗಳು ಮೇಲೇಳುತ್ತವೆಯೋ ಕಾಣೆ. ತುರ್ತಿಗೆ 112, ನೇರವಾಗಿ ಆಂಬುಲೆನ್ಸಿಗೆ 102. ನನ್ನ ಮಿಕ್ಕ ಮಾತುಗಳನ್ನೆಲ್ಲ ಮರೆತರೂ ಚಿಂತೆಯಿಲ್ಲ, ಇಷ್ಟನ್ನು ಮನೆಗೆ ಕೊಂಡೊಯ್ಯಿರಿ.

ಮೊದಲು ನನ್ನದೇ ತಪ್ಪೊಂದನ್ನು ತಮ್ಮೆದುರು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆ ಅರಸೀಕೆರೆಯಿಂದ ಬಂದು, ಇದೇ ಲಕ್ಷ್ಮೀ ನಗರದ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಇದ್ದರು. ಒಂದು ಸಂಜೆ ಮೈಯೆಲ್ಲ ಬೆವರಿ, “ಎದೆ ಅವುಚಿದ ಹಾಗಿದೆ ಕಣಮ್ಮ, ವಾಯುವಿರಬೇಕು” ಎಂದರಂತೆ. ನನ್ನ ಮನೆಯಾಕೆ ಜೀರಿಗೆ ಕಷಾಯ ಮಾಡಿಕೊಟ್ಟು, ಯಮುನೆಯಾಚೆ ಕೆಲಸದಲ್ಲಿದ್ದ ನನಗೆ ಫೋನ್ ಮಾಡಿದಳು. “ಗಾಬರಿಯಾಗಬೇಡ, ನಾನೇ ಬಂದು ನೋಡುತ್ತೇನೆ” ಎಂದೆ. ಐ.ಟಿ.ಓ. ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಮನೆ ಸೇರುವಾಗ ಒಂದೂವರೆ ಗಂಟೆ ಕಳೆದಿತ್ತು. ಅತ್ತೆ ಉಳಿಯಲಿಲ್ಲ. ಬೇಗ ಕರೆದೊಯ್ದಿದ್ದರೆ ಖಂಡಿತ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ವೈದ್ಯನಾದ ನಾನು ಆಡಬೇಕಾಗಿದ್ದ ಮಾತು ಒಂದೇ ಇತ್ತು: “ನನ್ನನ್ನು ಕಾಯಬೇಡ, ಈಗಲೇ ಆಂಬುಲೆನ್ಸ್ ಕರೆ.” ಅದನ್ನು ನಾನು ಆಡಲಿಲ್ಲ.

ನಮ್ಮ ಹಿರಿಯರ ಮಾತಿನಲ್ಲಿ ‘ವಾಯು’, ‘ಪಿತ್ತ’, ‘ಎದೆಯುರಿ’ ಎಂಬುವು ಬಹಳ ವಿಶಾಲವಾದ ಪದಗಳು. ಅವುಗಳ ಸೆರಗಿನಲ್ಲಿ ಹೃದಯಾಘಾತವೂ ಅಡಗಿ ಕುಳಿತಿರಬಹುದು. ಎದೆಯ ನಡುವೆ ಭಾರವಿಟ್ಟಂತೆ, ಹಿಂಡಿದಂತೆ ಆಗುವುದು. ನೋವು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು. ತಣ್ಣನೆಯ ಬೆವರು, ಉಸಿರಿನ ಕಷ್ಟ, ವಾಕರಿಕೆ—ಇವು ಅದರ ಗುರುತುಗಳು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರಿಯ ಆಯಾಸ, ಏದುಸಿರು ಕಾಣಿಸುವುದುಂಟು. ವಯಸ್ಸನ್ನೂ ನಂಬುವಂತಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಈ ದೂರದ ಊರಿನಲ್ಲಿಯೂ ನಮ್ಮ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಅವರ ಹೆಸರಿನಲ್ಲಿಯೇ ಕರ್ನಾಟಕ ಸರ್ಕಾರ ‘ಹೃದಯಜ್ಯೋತಿ’ ಯೋಜನೆಯನ್ನು ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿಯೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು ಅದರ ಉದ್ದೇಶ. ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಳೆದುಹೋಗುವ ಕಾಲವನ್ನು ಉಳಿಸುವುದೇ ಚಿಕಿತ್ಸೆಯ ಅರ್ಧಭಾಗವೆಂಬ ತತ್ತ್ವ ಇದರಲ್ಲಿದೆ.

ಇಂಥ ರೋಗಿಯನ್ನು ಮೆಟ್ಟಿಲಿಳಿಸಿ ನಡೆಸಬೇಡಿ. ನಮ್ಮ ಬಹುಪಾಲು ಮನೆಗಳಿಗೆ ಲಿಫ್ಟ್ ಇಲ್ಲ; ಗಟ್ಟಿಯಾದ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಮೂವರು ಹಿಡಿದು ಇಳಿಸಿ. ಒಗ್ಗದಿರುವಿಕೆಯಾಗಲಿ ರಕ್ತಸ್ರಾವದ ತೊಂದರೆಯಾಗಲಿ ಇಲ್ಲದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿಸುವ ಪದ್ಧತಿಯುಂಟು. ಆದರೆ ಫೋನಿನಲ್ಲಿ ವೈದ್ಯರನ್ನು ಕೇಳಿಯೇ ಕೊಡಿ.

ಇನ್ನು ಕಣ್ಣೆದುರಿಗೇ ಒಬ್ಬರು ಕುಸಿದು ಬಿದ್ದರೆ? ಭುಜ ತಟ್ಟಿ ಕೂಗಿ. ಎಚ್ಚರವಿಲ್ಲ, ಉಸಿರೂ ಸರಿಯಾಗಿಲ್ಲ ಎಂದಾದರೆ ಹೃದಯ ನಿಂತಿದೆಯೆಂದೇ ತಿಳಿಯಿರಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆಯುವುದು ಉಸಿರಾಟವಲ್ಲ. ಒಬ್ಬರು 112ಕ್ಕೆ ಕರೆಯಲಿ. ಇನ್ನೊಬ್ಬರು ರೋಗಿಯನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಒತ್ತಲಿ. ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್ ಆಳ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವವರೆಗೆ ನಿಲ್ಲಿಸಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ತಜ್ಞರು ಈ ವಿಧಾನವನ್ನು ಲೋಕಕ್ಕೆ ಸಾರಿದ್ದು 1960ರಲ್ಲಿ. ಇದಕ್ಕೆ ಯಂತ್ರ ಬೇಡ, ಪದವಿ ಬೇಡ. ಹೃದಯ ನಿಂತ ನಾಲ್ಕಾರು ನಿಮಿಷಗಳಲ್ಲಿಯೇ ಮೆದುಳಿಗೆ ಹಾನಿ ತಟ್ಟತೊಡಗುತ್ತದೆ. ಅಷ್ಟರಲ್ಲಿ ಯಾವ ಆಂಬುಲೆನ್ಸೂ ವಿಕಾಸ ಮಾರ್ಗವನ್ನು ದಾಟಿ ನಮ್ಮ ಗಲ್ಲಿಗೆ ಬಂದು ಮುಟ್ಟಲಾರದು. ಆ ನಿಮಿಷಗಳು ಪಕ್ಕದಲ್ಲಿರುವವರ ಪಾಲಿನವು.

ಪಾರ್ಶ್ವವಾಯುವನ್ನು ಗುರುತಿಸುವುದಂತೂ ಸುಲಭ. ನಗಲು ಹೇಳಿ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆಯೆ ನೋಡಿ. ಎರಡು ಕೈಗಳನ್ನೂ ಎತ್ತಲು ಹೇಳಿ, ಒಂದು ಜಾರುತ್ತದೆಯೆ ನೋಡಿ. ಒಂದು ವಾಕ್ಯ ಆಡಿಸಿ, ಮಾತು ತೊದಲುತ್ತದೆಯೆ ಕೇಳಿ. ಆಡಿಸುವ ವಾಕ್ಯ ಕನ್ನಡದ್ದಾಗಿರಲಿ. ಬಾರದ ಹಿಂದಿಯಲ್ಲಿ ಅಜ್ಜಿ ತಡವರಿಸಿದರೆ ಅದು ರೋಗವಲ್ಲ! ಮೂರರಲ್ಲಿ ಒಂದು ಕಂಡರೂ ಹೊರಡಿ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತನ್ನು ಬರೆದಿಡಿ. ಬಾಯಿಗೆ ನೀರನ್ನೂ ಹಾಕಬೇಡಿ, ಆಸ್ಪಿರಿನ್ನನ್ನೂ ಕೊಡಬೇಡಿ.

ನಮ್ಮ ಮನೆಗಳ ಕೆಲವು ಹಳೆಯ ರೂಢಿಗಳನ್ನು ಬಿಡಬೇಕು. ರಕ್ತ ಸುರಿಯುವ ಗಾಯಕ್ಕೆ ಕಾಫಿಪುಡಿ, ಅರಿಸಿನ ಮೆತ್ತಬೇಡಿ. ಶುಭ್ರವಾದ ಬಟ್ಟೆಯಿಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ. ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, ಹಲ್ಲುಪೇಸ್ಟ್ ಬಳಿಯಬೇಡಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದ, ಬಾಯಿಗೆ ಚಮಚ ತುರುಕುವುದರಿಂದ ಒಳ್ಳೆಯದೇನೂ ಆಗದು. ಸುತ್ತಲಿನ ಸಾಮಾನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ 112.

2010ರ ನವೆಂಬರ್ 15ರ ರಾತ್ರಿಯನ್ನು ಇಲ್ಲಿನ ಹಳಬರು ಮರೆತಿರಲಾರರು. ನಮ್ಮ ಲಲಿತಾ ಪಾರ್ಕಿನಲ್ಲಿ ಬಹುಮಹಡಿಯ ಕಟ್ಟಡವೊಂದು ಕುಸಿದು ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಕ್ಕಟ್ಟಾದ ಗಲ್ಲಿಗಳಲ್ಲಿ ರಕ್ಷಣೆಯ ವಾಹನಗಳು ನುಗ್ಗಲು ತಿಣುಕಿದವು. ಇಟ್ಟಿಗೆ ಸರಿಸಲು ಮೊದಲು ಕೈ ಹಾಕಿದವರು ನೆರೆಹೊರೆಯವರೇ. ಈ ಬಡಾವಣೆಯ ಪಾಠವೇ ಇದು: ಇಲ್ಲಿ ವಾಹನಕ್ಕಿಂತ ಮೊದಲು ಮನುಷ್ಯ ಬರುತ್ತಾನೆ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸರ ಕಾಟವೆಂಬ ಅಂಜಿಕೆ ಬೇಡ. ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿಯಿತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 134ಎ ಕಲಮು ಅವರಿಗೆ ರಕ್ಷಣೆ ಕೊಟ್ಟಿದೆ.

ಕೊನೆಯದಾಗಿ ಮೂರು ವಿಜ್ಞಾಪನೆಗಳು. ಒಂದು, ಪ್ರತಿಯೊಂದು ಮನೆಯ ಬಾಗಿಲ ಹಿಂದೆ ದೊಡ್ಡಕ್ಷರದ ಚೀಟಿಯೊಂದನ್ನು ಅಂಟಿಸಿ. ಮನೆಯ ಸಂಖ್ಯೆ, ಗಲ್ಲಿ, ಹತ್ತಿರದ ಮೆಟ್ರೋ ಕಂಬದ ಸಂಖ್ಯೆ, ಹಿರಿಯರ ಕಾಯಿಲೆ, ಮಾತ್ರೆ ಇವೆಲ್ಲ ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಇರಲಿ. ಎರಡು, ಊರಿಂದ ಬಂದ ತಂದೆತಾಯಿಗಳಿಗೆ “ಸೀನೇ ಮೇಂ ದರ್ದ್ ಹೈ” ಎಂಬ ಒಂದು ವಾಕ್ಯವನ್ನಾದರೂ ಕಲಿಸಿ. ನಾವು ಕಛೇರಿಯಲ್ಲಿರುವಾಗ ಅವರ ಎದೆನೋವನ್ನು ಕೇಳಬೇಕಾದವರು ಪಕ್ಕದ ಮನೆಯ ಹಿಂದಿಯವರು. ಮೂರು, ಸಂಘವು ಗಲ್ಲಿಗಿಬ್ಬರಂತೆ ತರುಣರನ್ನು ಆರಿಸಲಿ. ಕರೆ ಬಂದೊಡನೆ ಒಬ್ಬ ಮನೆಗೆ ಓಡಲಿ, ಇನ್ನೊಬ್ಬ ಮುಖ್ಯರಸ್ತೆಗೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಲಿ. ಎದೆಯೊತ್ತುವ ವಿಧಾನವನ್ನು ಅವರಿಗೆ ಕೈಹಿಡಿದು ಕಲಿಸುವ ಹೊಣೆ ನನ್ನದು. ಮುಂದಿನ ಭಾನುವಾರದಿಂದಲೇ ಆರಂಭಿಸೋಣ.

ಊರಿನಲ್ಲಿ ಕೂಗಿದರೆ ಓಣಿಯೆಲ್ಲ ಬರುತ್ತಿತ್ತು. ಇಲ್ಲಿ ನಮಗೆ ನಾವೇ ಓಣಿ. ನನ್ನ ಅತ್ತೆಗೆ ಸಿಗದ ಆ ಒಂದೂವರೆ ಗಂಟೆ ತಮ್ಮ ಮನೆಯ ಹಿರಿಯರಿಗೆ ಸಿಗಲಿ.  ಸಿರಿಗನ್ನಡಂ ಗೆಲ್ಗೆ.