ನೀಲಗಿರಿಯ ಪೊದೆಗಳೂ ನಮ್ಮ ನುಡಿಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಾಹಿತ್ಯವನ್ನು ಪಾಠ ಹೇಳುವವರಿಗೆ ಗಿಡಮೂಲಿಕೆಗಳ ಗೊಡವೆಯೇಕೆಂದು ತಾವು ಕೇಳಬಹುದು. ಗಿಡದ ಗುಣವನ್ನು ಅರಿತವರು ಸಸ್ಯಶಾಸ್ತ್ರಜ್ಞರು, ನಿಜ. ಆದರೆ ಗಿಡದ ಹೆಸರು ನುಡಿಗೆ ಸೇರಿದ ಸೊತ್ತು. ಕನ್ನಡಕ್ಕೆ ಈ ವಿದ್ಯೆ ಹೊಸದೂ ಅಲ್ಲ. 12ನೆಯ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಕ್ಕೆ ಮದ್ದುಗಳನ್ನು ಹೇಳಿದನು. ಆ ಪರಂಪರೆಯವರಾದ ನಮಗೆ ಮನೆಯ ಹಿಂದಣ ಬೆಟ್ಟದ ಪೊದೆಗಳ ಹೆಸರು ತಿಳಿಯದಿದ್ದರೆ ಅದು ನುಡಿಗೆ ಬಂದ ಬಡತನವೇ ಸರಿ.

ಈ ಗಿರಿಗೆ ಕನ್ನಡದ ನಂಟು ಬಹು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದ ಸಂಗತಿಯನ್ನು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಬಡಗಣಿಂದ ಬಂದವರೆಂಬ ಅರ್ಥವುಳ್ಳ ಬಡಗರ ನುಡಿಯನ್ನು ಹಿಂದೆ ಕನ್ನಡದ ಉಪಭಾಷೆಯೆಂದರು. ಈಗಿನ ಭಾಷಾಶಾಸ್ತ್ರಜ್ಞರು ಅದನ್ನು ಸ್ವತಂತ್ರ ನುಡಿಯೆಂದು ಎಣಿಸುತ್ತಾರೆ. ಏನೇ ಇರಲಿ, 2,637 ಮೀಟರ್ ಎತ್ತರದ ಶಿಖರಕ್ಕೆ ‘ದೊಡ್ಡಬೆಟ್ಟ’ವೆಂಬ ಹೆಸರಿರುವಾಗ ನಾವು ಇಲ್ಲಿ ಪರಕೀಯರೆನ್ನುವಂತಿಲ್ಲ.

ಆದರೂ ಒಂದು ವಿಪರ್ಯಾಸವನ್ನು ನೋಡಿರಿ. ಕನ್ನಡ ನಾಡಿನ ಯಾವ ಊರಿನಲ್ಲಾದರೂ ‘ನೀಲಗಿರಿ’ ಎಂದರೆ ಜನರಿಗೆ ತೋರುವುದು ಒಂದು ಮರ; ನೆಗಡಿಯಾದಾಗ ಮೂಸುವ ಒಂದು ಎಣ್ಣೆ. ಆ ಮರವೋ ಆಸ್ಟ್ರೇಲಿಯಾ ದೇಶದ್ದು. 19ನೆಯ ಶತಮಾನದಲ್ಲಿ ಆಂಗ್ಲರು ಸೌದೆಗಾಗಿ ತಂದು ನೆಟ್ಟದ್ದು. ಹೊರಗಿನಿಂದ ಬಂದ ಮರಕ್ಕೆ ಬೆಟ್ಟದ ಹೆಸರು ದೊರೆಯಿತು. ಬೆಟ್ಟದಲ್ಲಿಯೇ ಹುಟ್ಟಿದ ಹೂಗಳು ಹೆಸರಿಲ್ಲದಂತಾದವು.

ಅವುಗಳಲ್ಲಿ ಮೊದಲನೆಯದು ಕುರಿಂಜಿ. ನಮ್ಮ ಮಲೆನಾಡಿಗರು ಇದರ ಬಳಗವನ್ನು ‘ಗುರಿಗೆ’ ಎನ್ನುತ್ತಾರೆ. ತಮಿಳಿನ ಸಂಗಂ ಕವಿಗಳು ಮಲೆಯ ನಾಡಿಗೆಲ್ಲ ಈ ಹೂವಿನ ಹೆಸರನ್ನೇ ಇಟ್ಟರು. ಹುಲ್ಲುಗಾವಲಿನ ಇಳಿಜಾರಿನಲ್ಲಿ ಗುಂಪುಗುಂಪಾಗಿ ಬೆಳೆಯುವ ಈ ಕುರುಚಲು ಗಿಡ ಹನ್ನೆರಡು ವರ್ಷ ಮೌನವಾಗಿದ್ದು, ಒಮ್ಮೆಲೇ ಅರಳಿ, ಬೀಜ ಚೆಲ್ಲಿ ಸಾಯುತ್ತದೆ. 2006ರಲ್ಲಿಯೂ 2018ರಲ್ಲಿಯೂ ಅರಳಿದ ಇಳಿಜಾರುಗಳು ಮತ್ತೆ ಅರಳಬೇಕಾದದ್ದು 2030ರಲ್ಲಿ. ಒಂದೊಂದು ಇಳಿಜಾರಿನ ಲೆಕ್ಕ ಬೇರೆಯಾದ್ದರಿಂದ ನಡುವಣ ವರ್ಷಗಳಲ್ಲಿಯೂ ಅಲ್ಲಲ್ಲಿ ಹೂವನ್ನು ಕಾಣಬಹುದು. ಅರಳಿದ ಕಾಲದಲ್ಲಿ ಹೆಜ್ಜೇನುಗಳು ಮುತ್ತುತ್ತವೆ. ಬಂಡೆಯ ತುದಿಯಿಂದ ಬಳ್ಳಿಯ ಏಣಿಯಲ್ಲಿ ಇಳಿದು ಜೇನು ಕೀಳುವ ಕುರುಂಬರಿಗೆ ಅದು ಸುಗ್ಗಿಯ ವರ್ಷ. 2024ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಗಿಡವನ್ನು ಅಪಾಯಕ್ಕೀಡಾಗಬಲ್ಲ ಸಸ್ಯಗಳ ಪಟ್ಟಿಗೆ ಸೇರಿಸಿತು.

ಎರಡನೆಯದು ಮುಳ್ಳುಪೊದೆ, ಬಡಗರು ಜಕ್ಕಲವೆನ್ನುತ್ತಾರೆ. ಹಳದಿಯ ಹೂ, ಕಪ್ಪು ನೀಲಿಯ ಹುಳಿಹಣ್ಣು. ಇದರ ಬೇರನ್ನು ಕೆತ್ತಿದರೆ ಒಳಗೆಲ್ಲ ಅರಿಸಿನದ ಬಣ್ಣ. ಅದರಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಆಯುರ್ವೇದದ ದಾರುಹರಿದ್ರೆಯ ಕುಲ ಇದೇ. ಆದರೆ ‘ಮರದರಿಸಿನ’ವೆಂದು ಕೇಳಿದರೆ ಅಂಗಡಿಯಲ್ಲಿ ಕೊಡುವುದು ಹಲವು ಕಡೆ ಬೇರೊಂದು ಬಳ್ಳಿಯ ಕಾಂಡವನ್ನು. ಹೆಸರು ಒಂದು, ವಸ್ತು ಎರಡು! ಸ್ಥಳೀಯವಾದ ಹೆಸರನ್ನು ಕಳೆದುಕೊಂಡರೆ ಮದ್ದಿನಲ್ಲಿಯೂ ಮೋಸಹೋಗಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಮೂರನೆಯದು, ಆಂಗ್ಲರು ವಿಂಟರ್‌ಗ್ರೀನ್ ಎನ್ನುವ ಪೊದೆ. ಬಿಳಿಯ ಸಣ್ಣ ಗಂಟೆಗಳಂತಹ ಹೂಗಳು. ಎಲೆಯನ್ನು ಹೊಸಕಿದೊಡನೆ ನೋವಿನ ಮುಲಾಮಿನ ವಾಸನೆ. ಎಲೆಯನ್ನು ಭಟ್ಟಿಯಿಳಿಸಿ ತೆಗೆದ ಎಣ್ಣೆ ಕೀಲುನೋವಿಗೂ ಉಳುಕಿಗೂ ಲೇಪನ. ಹೊಟ್ಟೆಗೆ ಮಾತ್ರ ಅದು ವಿಷವೆಂಬುದನ್ನು ಮರೆಯಬಾರದು. ಕೆಳಗಿನ ಒಣ ಇಳಿಜಾರುಗಳಲ್ಲಿ ಬಂದರಿಕೆಯ ಗಿಡವುಂಟು. ಅದರ ಸೊಪ್ಪನ್ನು ಬಾವಿಗೂ ಉಳುಕಿಗೂ ಕಟ್ಟುತ್ತಾರೆ. ಗುಲಾಬಿ ಬಣ್ಣದ ಹೂ ಬಿಟ್ಟು, ತಿಂದರೆ ನಾಲಗೆ ನೇರಳೆಯಾಗುವ ತವಿಟ್ಟುಹಣ್ಣಿನ ರುಚಿಯನ್ನು ಇಲ್ಲಿ ಬೆಳೆದವರಿಗೆ ವರ್ಣಿಸಬೇಕಾಗಿಲ್ಲ.

ಉಪಯೋಗವೆಂದರೆ ಮದ್ದು, ಬಣ್ಣ, ಆಹಾರಗಳಷ್ಟೇ ಅಲ್ಲ. ತೊದವರಲ್ಲಿ ಹೆಣ್ಣು ಗರ್ಭಿಣಿಯಾದಾಗ ಗಂಡನು ಒಂದು ಪೊದೆಯ ಕಡ್ಡಿಯಿಂದ ಬಿಲ್ಲನ್ನೂ ಹುಲ್ಲಿನ ಎಸಳಿನಿಂದ ಬಾಣವನ್ನೂ ಮಾಡಿ ಅವಳ ಕೈಗೆ ಕೊಡುತ್ತಾನೆ. ಕೊಟ್ಟವನೇ ಹುಟ್ಟುವ ಮಗುವಿನ ತಂದೆ. ರಿವರ್ಸ್ ಎಂಬ ವಿದ್ವಾಂಸರು 1906ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಧಿಯನ್ನು ವಿವರಿಸಿದ್ದಾರೆ. ಒಂದು ಕಡ್ಡಿ, ಒಂದು ಹುಲ್ಲು: ಇವೆರಡರ ಮೇಲೆ ಒಂದು ಕುಲದ ವಂಶಾವಳಿಯೇ ನಿಂತಿದೆ! ಆ ಪೊದೆ ಅಳಿದರೆ ಅಳಿಯುವುದು ಪೊದೆಯೊಂದೇ ಅಲ್ಲ.

ಅಳಿಯುವ ಭಯ ಬರಿಯ ಕಲ್ಪನೆಯಲ್ಲ. ಹುಲ್ಲುಗಾವಲನ್ನು ಪಾಳುನೆಲವೆಂದು ತಿಳಿದು ಅಲ್ಲಿ ಚಹವನ್ನೂ ಸೌದೆಮರಗಳನ್ನೂ ಬೆಳೆಸಿದರು. ಮೋಯಾರ್, ಭವಾನಿ ನದಿಗಳಿಗೆ ನೀರೂಡುವ ಮೇಲುನೆಲ ಅದೆಂಬುದು ಅವರಿಗೆ ಹೊಳೆಯಲಿಲ್ಲ. ಅಂದಕ್ಕಾಗಿ ತಂದ ಲಂಟಾನವೂ, ಹಳದಿ ಹೂವಿನ ಸ್ಕಾಚ್ ಬ್ರೂಮೂ ಇಂದು ತಾವಾಗಿ ಹಬ್ಬಿ ನೆಲದ ಗಿಡಗಳನ್ನು ಅಡಗಿಸುತ್ತಿವೆ. ಗೂಡಲೂರಿನ ಆದಿವಾಸಿ ಕುಶಲಿಗಳು ಆ ಲಂಟಾನದ ಕಡ್ಡಿಯಿಂದಲೇ ಆಳೆತ್ತರವನ್ನು ಮೀರಿದ ಆನೆಗಳನ್ನು ಹೆಣೆದರು. ಅವು 2021ರಲ್ಲಿ ಲಂಡನ್ ನಗರದಲ್ಲಿ ಪ್ರದರ್ಶಿತವಾದವು. ಕಳೆಯಿಂದಲೂ ಅನ್ನ ಹುಟ್ಟಿಸಿದ ಆ ಕೈಗಳಿಗೆ ನಮ್ಮ ನಮಸ್ಕಾರ.

ಇನ್ನು ನಮ್ಮ ಕರ್ತವ್ಯ. ನೆಲವನ್ನು ಉಳಿಸುವ ಅಧಿಕಾರ ಈ ಸಂಘಕ್ಕಿಲ್ಲ. ಹೆಸರನ್ನು ಉಳಿಸುವ ಶಕ್ತಿಯುಂಟು. ಹಾಕಿಂಗ್ಸ್ ಮತ್ತು ಪಿಲೋ-ರೈಷೂರ್ ಎಂಬ ವಿದ್ವಾಂಸರು 1992ರಲ್ಲಿ ಬಡಗ ನುಡಿಗೆ ಆಂಗ್ಲ ನಿಘಂಟನ್ನು ಕೊಟ್ಟರು. ಹೊರನಾಡಿನವರು ಇಷ್ಟು ದುಡಿದಿರುವಾಗ, ನಾವು ಕೇರಿಯ ಅಜ್ಜಿಯರ ಬಳಿ ಕುಳಿತು ಕೇಳಲಾರೆವೇ? ಗಿಡದ ಹೆಸರು, ಅದನ್ನು ಹೇಳಿದವರ ಹಟ್ಟಿ, ಹೂ ಬಿಡುವ ತಿಂಗಳು, ಬಳಸುವ ಭಾಗ, ಬಳಸುವ ರೀತಿ: ಇಷ್ಟನ್ನು ಬಡಗ, ತೊದ, ಕೋತ, ಕುರುಂಬ, ಕನ್ನಡ ಎಂಬ ಐದು ಅಂಕಣಗಳಲ್ಲಿ ನಮ್ಮ ಮಕ್ಕಳು ಬರೆದಿಡಲಿ. ಮದ್ದನ್ನು ಪರೀಕ್ಷಿಸುವವರು ವೈದ್ಯರು. ಮಾತನ್ನು ಕಾಪಾಡುವವರು ನಾವು.

2030ರಲ್ಲಿ ಕುರಿಂಜಿ ಅರಳುವಾಗ ಇಂದು ಆರನೆಯ ತರಗತಿಯಲ್ಲಿರುವವರು ಪ್ರಾಯಕ್ಕೆ ಬಂದಿರುತ್ತಾರೆ. ಬೆಟ್ಟವನ್ನು ತೋರಿಸಿ ಇದೇಕೆ ನೀಲವೆಂದು ಯಾರಾದರೂ ಕೇಳಿದರೆ, ಹೂವಿನ ಹೆಸರನ್ನು ಹೇಳಿ ಉತ್ತರಿಸುವ ಶಕ್ತಿ ಅವರಿಗಿರಲಿ.